ಪಿತ್ತಕೋಶದ ಕಲ್ಲು ಮತ್ತು ತೂತಿನ ಆಪರೇಷನ್



ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯಲ್ಲಿ ಸ್ಕ್ಯಾನ್ ಚೀಟಿ ಹಿಡಿದು ಬಂದವರು ಮೊದಲು ಕೇಳುವ ಮಾತು, 'ಹೊಟ್ಟೆ ಕೊಯ್ಯುತ್ತಾರಾ, ತೂತು ಹಾಕುತ್ತಾರಾ?' ನಾವು ಪಿತ್ತಕೋಶ ಎನ್ನುವುದನ್ನೇ ಇಲ್ಲಿಯ ಆಸ್ಪತ್ರೆಗಳಲ್ಲಿ ಪಿತ್ತಪ್ಪೈ ಎನ್ನುತ್ತಾರೆ. ಕಲ್ಲಿದ್ದೂ ಏನೂ ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಮತ್ತೆ ಮತ್ತೆ ನೋವು ಬರುವವರಿಗೆ ಕಲ್ಲಿನೊಂದಿಗೆ ಆ ಚೀಲವನ್ನೇ ತೆಗೆಯುತ್ತಾರೆ. ಪಿತ್ತರಸ ತಯಾರಾಗುವುದು ಲಿವರಿನಲ್ಲಾದ್ದರಿಂದ ಜೀರ್ಣಕ್ರಿಯೆ ನಿಲ್ಲುವುದಿಲ್ಲ. ಕೆಲವರಿಗೆ ಕೆಲವು ದಿನ ಭೇದಿಯಾಗಬಹುದು, ಅಷ್ಟೆ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಬಾರಿ ಇದನ್ನು ತೂತಿನ ಮೂಲಕ ಮಾಡಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಉದ್ವಾಡಿಯಾ ಮಾಡಿದರು. ಹೊಟ್ಟೆಯೊಳಗೆ ಗಾಳಿ ತುಂಬಿಸಿ, ಸಾಮಾನ್ಯವಾಗಿ ನಾಲ್ಕು ಸಣ್ಣ ತೂತುಗಳಿಂದ ಕೆಲಸ ಮುಗಿಸುತ್ತಾರೆ. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಬರುತ್ತಾರೆ. ಆ ಗಾಳಿಯಿಂದ ಎರಡು ಮೂರು ದಿನ ಭುಜ ನೋಯುವುದುಂಟು, ಗಾಬರಿ ಬೇಡ.

ಕೆಲವೊಮ್ಮೆ ಉರಿಯೂತದಿಂದ ಒಳಗೆಲ್ಲ ಅಂಟಿಕೊಂಡಿದ್ದು, ಡಾಕ್ಟರು ಅರ್ಧದಲ್ಲಿ ಹೊಟ್ಟೆ ತೆರೆಯುತ್ತಾರೆ. 'ಡಾಕ್ಟರಿಗೆ ಕೈ ಓಡಲಿಲ್ಲ' ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ನನಗಂತೂ ಅಂಥವರೇ ವಿವೇಕಿಗಳೆನಿಸುತ್ತದೆ. ಸ್ಪಷ್ಟವಾಗಿ ಕಾಣದೆ ಕತ್ತರಿಸಿದರೆ ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳಕ್ಕೇ ಪೆಟ್ಟಾಗಬಹುದು. ಸಾವಿರಕ್ಕೆ ಸುಮಾರು ಮೂರರಿಂದ ಐದು ಮಂದಿಗೆ ಹೀಗಾಗುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಇದು ಸಣ್ಣ ಅಂಕಿ. ಆದರೆ ಹಾಗಾದವರಿಗೆ ಮತ್ತೊಂದು ದೊಡ್ಡ ಆಪರೇಷನ್ ಬೇಕಾಗಬಹುದು. ಇನ್ನು ಕೆಲವರಿಗೆ ಪಿತ್ತ ಸೋರುತ್ತದೆ, ಅಥವಾ ನಾಳದಲ್ಲಿ ಕಲ್ಲು ಉಳಿದಿರುತ್ತದೆ.

ಆದ್ದರಿಂದ ಮನೆಗೆ ಬಂದ ಮೇಲೆ ನೋವು ಇಳಿಯುವ ಬದಲು ಏರಿದರೆ, ಜ್ವರ, ಬಿಡದ ವಾಂತಿ, ಹೊಟ್ಟೆಯುಬ್ಬರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಮಾಲೆಗೆ ನಾಟಿ ಔಷಧಿ ಹುಡುಕುತ್ತಾ ದಿನ ಕಳೆಯಬೇಡಿ. 'ಕಾಮಾಲೆ' ಎಂದರೆ ತಮಿಳು ನರ್ಸಮ್ಮನಿಗೂ ಅರ್ಥವಾಗುತ್ತದೆ.

ಒಪ್ಪಿಗೆ ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ಓದಿಸಿ ಕೇಳಿಯೇ ಸಹಿ ಹಾಕಬೇಕು. ಕೌಂಟರಿನಲ್ಲಿ ಕೂತು ಎಷ್ಟೋ ಮಂದಿಗೆ ನಾನು ಹೇಳುತ್ತಿದ್ದ ಮಾತೇ ಇದು. ತೆಗೆದ ಚೀಲವನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದೂ ಕೇಳಿ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಕಾಣಿಸುವುದುಂಟು. ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಹೊಲಿಗೆ ತೋರಿಸಲು ಹೋದಾಗ ಅದನ್ನೂ ಕೇಳಿ ತನ್ನಿ.