ಒಂಟಿಮನೆಗೊಂದು ಕಾರ್ಡು



ಕೊಡಗಿನ ಪಾಲಿಬೆಟ್ಟದವರಿಗೆ ಕ್ವಾರಂಟೈನ್ ಅಂದರೇನೆಂದು ವಿವರಿಸಬೇಕಿಲ್ಲ. 2020ರ ಮಾರ್ಚ್ 19ರಂದು ಕೊಡಗಿನ ಮೊದಲ ಕೊರೊನಾ ಪ್ರಕರಣ ಬೆಳಕಿಗೆ ಬಂತು. ಕೈಗೆ ಮುದ್ರೆ, ಬಾಗಿಲಿಗೆ ಚೀಟಿ. ಹತ್ತಿರ ಬರಬೇಡಿ ಎನ್ನುವ ಕಾಗದವನ್ನು ಸರ್ಕಾರ ಅಂಟಿಸಿತು, ಅದು ಬೇಕಾಗಿಯೂ ಇತ್ತು. ನಿಮ್ಮನ್ನು ಮರೆತಿಲ್ಲ ಎನ್ನುವ ಕಾಗದವನ್ನು ಮಾತ್ರ ನಾವೇ ಬರೆಯಬೇಕು.

ಮಾರ್ಚ್ 22ರ ಸಂಜೆ 5 ಗಂಟೆಗೆ ಆರೋಗ್ಯ ಕಾರ್ಯಕರ್ತರಿಗಾಗಿ ದೇಶವೇ ಚಪ್ಪಾಳೆ ತಟ್ಟಿತು. ಮನೆಮನೆ ಅಲೆದು ಜ್ವರ, ಕೆಮ್ಮು ವಿಚಾರಿಸಿದ ಆಶಾ ಕಾರ್ಯಕರ್ತೆಯರು ಅದೇ ವರ್ಷದ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆಗೆ ವಿಳಾಸವಿರಲಿಲ್ಲ. ಕೃತಜ್ಞತೆಯ ಕಾರ್ಡಿಗೆ ವಿಳಾಸವಿಲ್ಲದಿದ್ದರೆ ಅದು ಅಂಚೆಡಬ್ಬಿ ದಾಟುವುದಿಲ್ಲ. ‘ನೀವು ದೇವರಂಥವರು’ ಎಂದು ಬರೆದುಬಿಡುವುದು ಸುಲಭ. ‘ಬಿಪಿ ಮಾತ್ರೆ ಮುಗಿದಾಗ ತೋಟದ ಲೈನ್‌ಮನೆವರೆಗೂ ನಡೆದು ತಂದುಕೊಟ್ಟಿರಿ’ ಎಂದು ಬರೆಯಿರಿ, ಅವರ ದುಡಿಮೆ ದಾಖಲಾಗುತ್ತದೆ. ಹಾಗೆ ಬರೆದವರು ನಾಳೆ ಅವರ ಸಂಬಳದ ಮಾತು ಬಂದಾಗ ಸುಮ್ಮನೆ ಕೂರಲಾರರು.

ನಮ್ಮದು ಸೈನಿಕರ ಜಿಲ್ಲೆ, ಒಂಟಿಯಾದವರಿಗೆ ಕಾರ್ಡಿನ ಬೆಲೆ ಏನೆಂದು ನಮಗೆ ಗೊತ್ತಿರಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಯಲ್ಲಿದ್ದರು. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಯ ಪತ್ರಗಳಿಗೆ ಮಿತಿ ಹಾಕಿದರೂ ಸಾಮಾನ್ಯವಾಗಿ ತಿಂಗಳಿಗೆ 2 ಪತ್ರ, 4 ಕಾರ್ಡುಗಳಿಗಿಂತ ಕಡಿಮೆ ಮಾಡುವಂತಿಲ್ಲ. ಅದಕ್ಕೆ ಅಂಚೆ ಖರ್ಚೂ ಇಲ್ಲ. ಅನ್ನ, ಔಷಧಿಗೆ ನಿಯಮ ಬರೆದವರೇ ಕಾರ್ಡಿಗೂ ಬರೆದಿದ್ದಾರೆ.

ಇನ್ನು ಬೆಂಬಲದ ಕಾರ್ಡು. ‘ಧೈರ್ಯವಾಗಿರಿ’ ಎಂಬ ಉಪದೇಶ ಒಂಟಿಯಾದವರಿಗೆ ಬೇಕಾದಷ್ಟು ಸಿಕ್ಕಿರುತ್ತದೆ. ಸಿಗದಿರುವುದು ಊರಿನ ಸುದ್ದಿ. ‘ಹೋದ ವಾರ ಒಂದೂಕಾಲು ಇಂಚು ಹೂಮಳೆ ಆಯಿತು, ನಿಮ್ಮ ಕಾಫಿ ತೋಟವೆಲ್ಲ ಬಿಳಿ ಹೂವು, ನಾಯಿಗೆ ನಾವೇ ಅನ್ನ ಹಾಕುತ್ತಿದ್ದೇವೆ.’ ಇಷ್ಟು ಸಾಕು. ಉತ್ತರ ಬರೆಯಬೇಕಿಲ್ಲ ಎಂದೂ ಸೇರಿಸಿ. ನೊಂದವರ ತಲೆಮೇಲೆ ಮರು ಓಲೆಯ ಸಾಲ ಹೊರಿಸಬಾರದು.

ಕೊರೊನಾ ಕಾಲ ಹೋಯಿತು, ಒಂಟಿತನ ಹೋಗಿಲ್ಲ. ಮಕ್ಕಳು ಬೆಂಗಳೂರು, ದುಬೈ ಸೇರಿದ ಮೇಲೆ ತೋಟದ ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಮುಂಗಾರಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಮೊಬೈಲೂ ಸತ್ತಂತೆ. ಈ ಮಳೆಗಾಲಕ್ಕೆ ಮುಂಚೆ ಅಂಥದೊಂದು ಮನೆಯ ವಿಳಾಸ ಗುರುತಿಟ್ಟುಕೊಳ್ಳಿ. ನಿಮ್ಮ ಅಂಚೆಯವರ ಹೆಸರು ಗೊತ್ತಿಲ್ಲದಿದ್ದರೆ ಅದನ್ನೂ ಕೇಳಿಕೊಳ್ಳಿ. ಆ ಮಳೆಯಲ್ಲಿ ಕಾರ್ಡು ಹೊತ್ತು ನಡೆಯುವವರು ಅವರು. ಮೊದಲ ಕೃತಜ್ಞತೆ ಅವರಿಗೇ ಸಲ್ಲಲಿ.