ಅರ್ಬುದವ್ಯಾಧಿಯ ಹಿನ್ನಡೆಯಲ್ಲಿ ಶರಣಧೈರ್ಯವೂ ಮನೆಯವರ ದಾಸೋಹವೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)

 

ಮಹೋತ್ಸವವೆಂಬುದು ಸಂತೋಷದ ಕಾಲ. ತೋರಣ ಕಟ್ಟಿದ ಮಂಟಪದಲ್ಲಿ ವ್ಯಾಧಿಯ ಮಾತನ್ನೆತ್ತುವುದು ಸಮಯೋಚಿತವೇ ಎಂದು ಯಾರಾದರೂ ಕೇಳಬಹುದು. ಆದರೆ ಮಠದ ಬಾಗಿಲಿಗೆ ಭಕ್ತರು ಜಾತ್ರೆಯ ದಿನದಲ್ಲಿ ಮಾತ್ರ ಬರುವುದಿಲ್ಲ. ಆಸ್ಪತ್ರೆಯ ಕಾಗದಗಳ ಕಟ್ಟನ್ನು ಕಂಕುಳಲ್ಲಿ ಹಿಡಿದು, ಕಣ್ಣೀರನ್ನು ಸೆರಗಿನಲ್ಲಿ ಅಡಗಿಸಿ ಬರುವವರೂ ಉಂಟು. ಅರ್ಬುದವೆಂದು, ಜನರಾಡುವ ಮಾತಿನಲ್ಲಿ ಕ್ಯಾನ್ಸರ್ ಎಂದು, ಮೊದಲ ಸಾರಿ ಕೇಳಿದ ದಿನ ಅವರಿಗೆ ಆಗುವ ದುಃಖ ಒಂದು ಬಗೆಯದು. ಶಸ್ತ್ರಕ್ರಿಯೆಯಾಗಿ, ಔಷಧಿಯ ಸರದಿಗಳೆಲ್ಲ ಮುಗಿದು, ಇನ್ನು ಗುಣವಾಯಿತೆಂದು ಮನೆಯಲ್ಲಿ ಹೋಳಿಗೆ ಮಾಡಿ ಉಂಡ ಬಳಿಕ, ವೈದ್ಯರು “ಮತ್ತೆ ಕಾಣಿಸಿಕೊಂಡಿದೆ” ಎಂದು ನುಡಿದ ದಿನದ ದುಃಖ ಬೇರೊಂದು ಬಗೆಯದು. ಮೊದಲನೆಯದು ಭಯವನ್ನು ಹುಟ್ಟಿಸುತ್ತದೆ; ಎರಡನೆಯದು ನಂಬಿಕೆಯನ್ನೇ ಅಲುಗಾಡಿಸುತ್ತದೆ. ಆದಕಾರಣ ಆ ಎರಡನೆಯ ದಿನವನ್ನು ಎದುರಿಸುವ ಬಗೆಯನ್ನು ವಿಚಾರಿಸುವುದು ಧರ್ಮಸಭೆಗೆ ತಕ್ಕ ಕಾರ್ಯವೇ ಸರಿ.

ಮೊದಲು ಈ ವ್ಯಾಧಿಯ ಸ್ವರೂಪವನ್ನು ಅರಿಯಬೇಕು. ಶರೀರವು ಕಣ್ಣಿಗೆ ಕಾಣದ ಅಸಂಖ್ಯ ಜೀವಕೋಶಗಳಿಂದ ಆದುದು. ಅವು ಹುಟ್ಟುವುದಕ್ಕೂ ಬೆಳೆಯುವುದಕ್ಕೂ ಅಳಿಯುವುದಕ್ಕೂ ಒಂದು ಕಟ್ಟಳೆಯುಂಟು. ಆ ಕಟ್ಟಳೆಯನ್ನು ಮೀರಿ ಕೆಲವು ಕೋಶಗಳು ತಡೆಯಿಲ್ಲದೆ ಬೆಳೆದು, ನೆರೆಯ ಅಂಗವನ್ನು ಹೊಕ್ಕು, ರಕ್ತದ ದಾರಿಯಿಂದ ದೂರದ ಅಂಗಗಳಲ್ಲಿಯೂ ನೆಲೆಯೂರುವುದೇ ಈ ರೋಗ. ಇದು ಒಂದೇ ರೋಗವಲ್ಲ. ಒಂದೇ ಹೆಸರಿನಲ್ಲಿ ಕರೆಯಲ್ಪಡುವ ಹಲವು ರೋಗಗಳ ಕುಲ. ಒಬ್ಬರಿಗೆ ಫಲಿಸಿದ ಔಷಧಿ ಮತ್ತೊಬ್ಬರಿಗೆ ಫಲಿಸದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ದೇಶದ ಪ್ರಾಚೀನ ವೈದ್ಯರಿಗೆ ಇಂಥ ಗಂಟುಗಳ ಪರಿಚಯವಿಲ್ಲದಿರಲಿಲ್ಲ. ಸುಶ್ರುತಸಂಹಿತೆಯಲ್ಲಿ ಅರ್ಬುದದ ಲಕ್ಷಣಗಳನ್ನು ಹೇಳಿ, ಒಂದು ಅರ್ಬುದದ ಮೇಲೆ ಮತ್ತೊಂದು ಬೆಳೆದರೆ ಅದನ್ನು ಅಧ್ಯರ್ಬುದವೆಂದು ಕರೆದಿರುವುದನ್ನು ನೋಡಿದರೆ, ಒಂದು ಗಂಟಿನಲ್ಲಿಯೇ ಈ ರೋಗ ಮುಗಿಯದೆಂಬ ಅನುಭವವೂ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಹಾಗಾದರೆ ಚಿಕಿತ್ಸೆಯಾದ ಮೇಲೂ ರೋಗ ಮರಳುವುದೇಕೆ? ರೈತನಿಗೆ ಇದನ್ನು ತಿಳಿಯಪಡಿಸುವುದು ಕಷ್ಟವಲ್ಲ. ಹೊಲವನ್ನು ಎಷ್ಟು ಹಸನು ಮಾಡಿದರೂ ಕರಿಕೆಯ ಒಂದು ಬೇರು ಮಣ್ಣಿನ ಆಳದಲ್ಲಿ ಉಳಿದರೆ ಮಳೆ ಬಿದ್ದಾಗ ಅದು ಚಿಗುರುತ್ತದೆ. ಹಾಗೆಯೇ ಯಾವ ಯಂತ್ರಕ್ಕೂ ಕಾಣಿಸದ ಕೆಲವು ಕೋಶಗಳು ಉಳಿದಿರಬಹುದು; ಇಲ್ಲವೆ ಔಷಧಿಯನ್ನು ತಡೆದುಕೊಳ್ಳುವ ಶಕ್ತಿಯನ್ನು ಅವು ಪಡೆದಿರಬಹುದು. ಇದರಲ್ಲಿ ರೋಗಿಯ ಅಪರಾಧವೂ ಇಲ್ಲ, ಪೂಜೆಯ ಲೋಪವೂ ಇಲ್ಲ. “ಹರಕೆ ತೀರಿಸಲಿಲ್ಲ, ಅದಕ್ಕೇ ತಿರುಗಿ ಬಂತು” ಎಂದು ಮಂಚದ ಬಳಿ ನಿಂತು ನುಡಿಯುವ ನೆಂಟರು ವ್ಯಾಧಿಗಿಂತಲೂ ಹೆಚ್ಚಿನ ಪೀಡೆಯನ್ನು ಉಂಟುಮಾಡುವರು. ಪೂರ್ವಜನ್ಮದ ಪಾಪವನ್ನು ಅಳೆಯುವ ತಕ್ಕಡಿ ಯಾವ ನೆಂಟನ ಕೈಯಲ್ಲಿಯೂ ಇಲ್ಲ.

ಹಿನ್ನಡೆಯೇ ಕೊನೆಯಲ್ಲವೆಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿಯೇ ಸಾಕ್ಷಿಯುಂಟು. ಆಂಧ್ರದ ಭೀಮವರದಲ್ಲಿ 1895ರಲ್ಲಿ ಜನಿಸಿ, ಅಮೆರಿಕೆಗೆ ಹೋಗಿ ಸಂಶೋಧನೆಯಲ್ಲಿ ದೇಹವನ್ನು ಸವೆಸಿದ ಯಲ್ಲಾಪ್ರಗಡ ಸುಬ್ಬರಾಯರ ಬಳಗದವರು ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಸಿದ್ಧಪಡಿಸಿದರು. ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಅರ್ಬುದದಿಂದ ಸಾಯುತ್ತಿದ್ದ ಮಕ್ಕಳಿಗೆ ಅದನ್ನು ಕೊಟ್ಟು, 1948ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ರೋಗ ಇಳಿಯಿತು. ಅಷ್ಟರವರೆಗೆ ಅಂಥ ಮಕ್ಕಳಿಗೆ ಯಾವ ಔಷಧಿಯೂ ನಾಟಿರಲಿಲ್ಲ. ಆದರೆ ಆ ಇಳಿತವು ತಾತ್ಕಾಲಿಕವಾಗಿತ್ತು. ಕೆಲವು ತಿಂಗಳಲ್ಲಿ ರೋಗ ಮರಳಿತು. ಸುಬ್ಬರಾಯರೂ ಅದೇ ವರ್ಷ ತೀರಿಕೊಂಡರು. ಆ ಸೋಲನ್ನೇ ಕೊನೆಯೆಂದು ಭಾವಿಸಿ ಎಲ್ಲರೂ ಕೈಚೆಲ್ಲಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಒಂದು ಔಷಧಿಗೆ ಬಗ್ಗದ ರೋಗವನ್ನು ಹಲವು ಔಷಧಿಗಳ ಕೂಟದಿಂದ ಬಗ್ಗಿಸಬಹುದೆಂದು 1960ರ ದಶಕದಲ್ಲಿ ವೈದ್ಯರು ತೋರಿಸಿಕೊಟ್ಟರು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆಗಳಲ್ಲಿ ಮಕ್ಕಳ ರಕ್ತಾರ್ಬುದದ ಅತಿ ಸಾಮಾನ್ಯವಾದ ಬಗೆಯು ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಲ್ಲಿ ವಾಸಿಯಾಗುತ್ತಿದೆ. ಆ ಮೊದಲ ಔಷಧಿಯ ಸೋದರನಾದ ಮೆಥೊಟ್ರೆಕ್ಸೇಟ್ ಈಗಲೂ ಬಳಕೆಯಲ್ಲಿದೆ. ಅಂದು ಬದುಕದೆ ಹೋದ ಮಕ್ಕಳ ಋಣ ಇಂದು ಬದುಕಿರುವ ಮಕ್ಕಳ ಮೇಲಿದೆ.

ಇನ್ನು ನಂಬಿಕೆಯ ವಿಚಾರ. ಭಕ್ತಿಯೆಂಬುದು ದೇವರೊಡನೆ ನಡೆಸುವ ವ್ಯಾಪಾರವಲ್ಲ. ಇಷ್ಟು ರುದ್ರಾಭಿಷೇಕಕ್ಕೆ ಇಷ್ಟು ಆಯುಷ್ಯವೆಂಬ ಲೆಕ್ಕ ಶಿವನ ಮನೆಯಲ್ಲಿಲ್ಲ. ಬಂದುದನ್ನು ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಶರಣರ ಮಾರ್ಗ. ಆದರೆ ಪ್ರಸಾದಬುದ್ಧಿಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಯಾರೂ ತಿಳಿಯಬಾರದು. ಕಾಯಕವನ್ನು ಸಾರಿದ ಧರ್ಮದಲ್ಲಿ ಸೋಮಾರಿತನಕ್ಕೆ ಎಡೆಯೆಲ್ಲಿಯದು? ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದನು. ರೋಗಿಗೆ ಔಷಧಿ ಕೊಡುವುದೇ ಅವನ ಕಾಯಕವಾಗಿತ್ತು. ವೈದ್ಯಕೀಯವು ಶಿವನಿಗೆ ವಿರೋಧವಾಗಿದ್ದರೆ ಶರಣರ ಸಮೂಹದಲ್ಲಿ ಅವನಿಗೆ ಸ್ಥಾನ ಸಿಗುತ್ತಿತ್ತೇ? ಆದಕಾರಣ ಔಷಧಿಯನ್ನು ಬಿಟ್ಟು ಬರಿಯ ಭಸ್ಮವನ್ನು ನಂಬುವುದು ಭಕ್ತಿಯಲ್ಲ. ಭಸ್ಮವನ್ನು ಧರಿಸಿ ಔಷಧಿಯನ್ನು ತೆಗೆದುಕೊಳ್ಳುವುದು ಭಕ್ತಿ. ಮೊದಲ ಹಿನ್ನಡೆಯಾದ ಕೂಡಲೇ ಆಸ್ಪತ್ರೆಯನ್ನು ತೊರೆದು, ಗ್ಯಾರಂಟಿ ಕೊಟ್ಟು ಬೇರು ಮಾರುವವರ ಬಳಿಗೆ ಓಡುವವರು ಹಣವನ್ನೂ, ಅದಕ್ಕಿಂತ ಬೆಲೆಯುಳ್ಳ ದಿನಗಳನ್ನೂ ಕಳೆದುಕೊಳ್ಳುವರು.

ನಿಯಮಗಳ ವಿಷಯದಲ್ಲಿಯೂ ವಿವೇಕ ಬೇಕು. ಔಷಧಿಯ ಸರದಿ ನಡೆಯುತ್ತಿರುವಾಗ ರಕ್ತದ ಬಿಳಿಯ ಕಣಗಳು ಕುಗ್ಗುತ್ತವೆ. ಆಗ ಅಲ್ಪ ಸೋಂಕೂ ಪ್ರಾಣಕ್ಕೆ ಕುತ್ತಾಗಬಹುದು. ಅಂಥ ದಿನಗಳಲ್ಲಿ ಜಾತ್ರೆಯ ಜನಸಂದಣಿಯನ್ನು ಬಿಡಬೇಕು. ಕಾಯಿಸಿದ ನೀರನ್ನೇ ಕುಡಿಯಬೇಕು. ಉಪವಾಸದ ವ್ರತವನ್ನು ಮುಂದಕ್ಕೆ ಹಾಕಬೇಕು. ಜ್ವರವು ನೂರು ಡಿಗ್ರಿಯನ್ನು ದಾಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. ಕಣಗಳು ಕುಗ್ಗಿರುವುದರಿಂದ ಮುಂದಿನ ಸರದಿಯನ್ನು ವೈದ್ಯರು ಒಂದೆರಡು ವಾರ ತಡೆದರೆ, ಅದು ರೋಗ ಗೆದ್ದುದರ ಗುರುತಲ್ಲ. ಶರೀರಕ್ಕೆ ಉಸಿರಾಡಲು ಕೊಟ್ಟ ಸಮಯ. ಸ್ನಾನಕ್ಕೆ ತ್ರಾಣವಿಲ್ಲದವರು ಹಾಸಿಗೆಯಲ್ಲಿ ಕುಳಿತೇ ಅಂಗೈಯ ಲಿಂಗವನ್ನು ನೋಡಬಹುದು. ಕುಳಿತುಕೊಳ್ಳಲಾರದವರು ಮಲಗಿಯೇ ಷಡಕ್ಷರಿಯನ್ನು ನೆನೆಯಬಹುದು. ಗುಡಿಗೆ ಹೋಗಲಾರದವರ ಎದೆಯ ಮೇಲೆಯೇ ದೇವರನ್ನು ಇಟ್ಟುಕೊಟ್ಟ ಧರ್ಮವಿದು. ರೋಗಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಯಾವುದು?

ಈಗ ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಧಾರವಾಡದ ಕಡೆಯ ಒಂದು ಹಳ್ಳಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ಒಕ್ಕಲುತನ. ಮನೆಯ ತಾಯಿಗೆ ಎದೆಯಲ್ಲಿ ಗಂಟು. ನಾಚಿಕೆಯಿಂದ ಆರು ತಿಂಗಳು ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಶಸ್ತ್ರಕ್ರಿಯೆಯಾಗಿ, ಔಷಧಿಗಳಾಗಿ, ಕೂದಲು ಹೋಗಿ ತಿರುಗಿ ಬಂದು, ಎರಡು ಸುಗ್ಗಿಗಳು ಸುಖವಾಗಿ ಕಳೆದುವು. ಮೂರನೆಯ ವರ್ಷ ಬೆನ್ನುನೋವು. ಪರೀಕ್ಷೆಯಲ್ಲಿ ರೋಗ ಎಲುಬಿಗೆ ಹಬ್ಬಿರುವುದು ಕಂಡಿತು. ಮಗನು ಕಾಗದವನ್ನು ಜಗಲಿಯ ಗೂಡಿನಲ್ಲಿ ಬಚ್ಚಿಟ್ಟನು. ಯಜಮಾನನು “ಬರೀ ವಾತ” ಎಂದನು. ಸೊಸೆ ಒಲೆಯ ಮುಂದೆ ಅತ್ತು, ಹೊಗೆಯ ನೆಪ ಹೇಳಿದಳು. ಎಲ್ಲರೂ ತಾಯಿಯನ್ನು ಕಾಪಾಡುತ್ತೇವೆಂದೇ ಭಾವಿಸಿದರು. ಆದರೆ ಮನೆಯಲ್ಲಿ ಆ ಸುದ್ದಿಯೊಡನೆ ಒಬ್ಬಂಟಿಯಾಗಿ ಉಳಿದವಳು ಅವಳೇ. ಒಂದು ರಾತ್ರಿ ಅವಳು ಸೊಸೆಯನ್ನು ಬಳಿಗೆ ಕರೆದು, “ನನಗ ಎಲ್ಲಾ ಗೊತ್ತೈತಿ ತಂಗಿ. ನೀವು ಬಾಯಿ ಬಿಟ್ಟು ಹೇಳಿದ್ರ ನನಗೂ ನಾಕು ಮಾತು ಹೇಳಾಕ ಬರ್ತೈತಿ” ಎಂದಳು. “ಅತ್ತೀ, ನಾವು ಅಂಜಿದ್ವಿ” ಎಂದು ಸೊಸೆ ಅವಳ ಕೈ ಹಿಡಿದಳು. ಆ ರಾತ್ರಿ ಆ ಮನೆಯ ಭಾರ ಅರ್ಧವಾಯಿತು.

ಮರುದಿನದಿಂದ ಕೆಲಸಗಳು ಹಂಚಿಹೋದುವು. ವೈದ್ಯರ ಮುಂದೆ ಕುಳಿತು ಕೇಳಬೇಕಾದ ಪ್ರಶ್ನೆಗಳನ್ನು ಮಗನು ಬರೆದುಕೊಂಡನು: ಈ ಚಿಕಿತ್ಸೆಯಿಂದ ರೋಗ ಹೋಗುವುದೋ, ತಡೆಯುವುದೋ? ಅದರ ಬಾಧೆಗಳೇನು? ಖರ್ಚೆಷ್ಟು? ಎಲುಬಿಗೆ ಹಬ್ಬಿದ ಎದೆಯ ಅರ್ಬುದವು ಪೂರ್ಣವಾಗಿ ವಾಸಿಯಾಗುವುದು ವಿರಳವೆಂದೂ, ಆದರೂ ಗುಳಿಗೆ ಚುಚ್ಚುಮದ್ದುಗಳಿಂದ ಅನೇಕರಲ್ಲಿ ಅದನ್ನು ವರ್ಷಗಟ್ಟಲೆ ಹತೋಟಿಯಲ್ಲಿ ಇಡಬಹುದೆಂದೂ, ಎಲುಬಿನ ನೋವಿಗೆ ಕಿರಣಚಿಕಿತ್ಸೆ ಒಳ್ಳೆಯದೆಂದೂ ವೈದ್ಯರು ತಿಳಿಸಿದರು. ಎರಡು ಎಕರೆ ಹೊಲ ಮಾರುವೆನೆಂದು ಯಜಮಾನನು ಹೊರಟಾಗ, ಆ ತಾಯಿಯೇ ತಡೆದು, ಮೊದಲು ಸರಕಾರದ ಸಹಾಯವನ್ನು ವಿಚಾರಿಸಿರೆಂದಳು. ಈ ಮನೆ ಕಲ್ಪನೆಯದು. ಆದರೆ ಇಂಥ ಮನೆಗಳು ಎಷ್ಟಿವೆಯೆಂಬುದನ್ನು ಭಕ್ತರೇ ಬಲ್ಲರು.

ಆ ತಾಯಿಯ ಮಾತಿನಲ್ಲಿ ಹುರುಳಿದೆ. ಅರ್ಬುದಕ್ಕಾಗಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಆರಂಭವಾಯಿತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಗೊತ್ತುಪಡಿಸಲ್ಪಟ್ಟಿತು. ಹೊಲವನ್ನು ಮಾರುವ ಮೊದಲು ಈ ಬಾಗಿಲನ್ನು ತಟ್ಟಬೇಕು.

ಮತ್ತೊಂದು ಮಾತನ್ನು ತಾಯಂದಿರ ಮುಂದೆ ಸ್ಪಷ್ಟವಾಗಿ ಹೇಳಬೇಕು. ಕೆಲವು ಮನೆಗಳಲ್ಲಿ ಈ ರೋಗಿಯ ತಟ್ಟೆಯನ್ನೂ ಲೋಟವನ್ನೂ ಬೇರೆ ಇಡುವರು. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಅರ್ಬುದವು ಮುಟ್ಟಿದರೆ ಅಂಟುವ ರೋಗವಲ್ಲ. ಒಟ್ಟಿಗೆ ಉಂಡರೆ ಬರುವುದಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ತೊಡೆದುಹಾಕಿದ ಧರ್ಮದವರು ಕ್ಯಾನ್ಸರಿನದೆಂಬ ಆರನೆಯ ಸೂತಕವನ್ನು ಮನೆಯೊಳಗೆ ಹುಟ್ಟಿಸಬಹುದೇ? ಎದೆಯ ಗಂಟನ್ನೂ, ಗರ್ಭಾಶಯದ ಸ್ರಾವವನ್ನೂ ನಾಚಿಕೆಯ ವಿಷಯವೆಂದು ಮುಚ್ಚಿಡುವುದು ಅದೇ ಸೂತಕದ ಇನ್ನೊಂದು ರೂಪ. ಬೇಗ ತೋರಿಸಿಕೊಂಡರೆ ಗುಣವಾಗಬಹುದಾದ ರೋಗವು ಲಜ್ಜೆಯ ಮರೆಯಲ್ಲಿ ಬಲಿಯುತ್ತದೆ.

ರೋಗಿಯ ಸೇವೆ ಮಾಡುವವರನ್ನೂ ಮರೆಯಬಾರದು. ತಿಂಗಳುಗಟ್ಟಲೆ ಒಬ್ಬಳೇ ಸೊಸೆ ಎಚ್ಚರವಾಗಿದ್ದರೆ ಅವಳೂ ಕುಸಿಯುವಳು. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು, ನೆರೆಯವರು ಸರದಿಯಿಂದ ಭಾರ ಹೊರಬೇಕು. ಒಬ್ಬರು ರಾತ್ರಿ ಕಾವಲಿರುವುದು, ಒಬ್ಬರು ಬುತ್ತಿ ಒಯ್ಯುವುದು, ಒಬ್ಬರು ಬೇಸಾಯ ನೋಡಿಕೊಳ್ಳುವುದು, ರಕ್ತ ಬೇಕಾದಾಗ ಯುವಕರು ಮುಂದೆ ಬರುವುದು: ಇವೆಲ್ಲವೂ ದಾಸೋಹವೇ. ಪಂಕ್ತಿಯಲ್ಲಿ ಅನ್ನ ನೀಡುವುದೊಂದೇ ದಾಸೋಹವಲ್ಲ. ಆಸ್ಪತ್ರೆಯ ಹೊರಗೆ ಚಾಪೆ ಹಾಸಿ ಕಾಯುವವನಿಗೆ ಒಂದು ಹೊತ್ತು ರೊಟ್ಟಿ ಮುಟ್ಟಿಸಿದ ಮಠದ ಭಕ್ತನು ಜಂಗಮಸೇವೆಯನ್ನೇ ಮಾಡಿದಂತಾಯಿತು.

ಕೊನೆಯದಾಗಿ ಒಂದು ಕಠಿಣವಾದ ಮಾತು. ಎಲ್ಲ ಪ್ರಯತ್ನಗಳೂ ಮುಗಿದು, ವಾಸಿಮಾಡುವ ಔಷಧಿ ಇಲ್ಲವೆಂಬ ದಿನ ಕೆಲವರಿಗೆ ಬರಬಹುದು. ಆಗಲೂ “ಮಾಡುವುದೇನೂ ಉಳಿದಿಲ್ಲ” ಎಂಬುದು ಸತ್ಯವಲ್ಲ. ನೋವನ್ನು ಶಮನಗೊಳಿಸುವ ಉಪಶಾಮಕ ಚಿಕಿತ್ಸೆಯೆಂಬುದುಂಟು. ಅರ್ಬುದದ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಪ್ರಕಟಿಸಿತು. ಕಡುನೋವಿಗೆ ಬೇಕಾದ ಮಾರ್ಫಿನ್ ರೋಗಿಗಳಿಗೆ ಸುಲಭವಾಗಿ ದೊರೆಯಲೆಂದು 2014ರಲ್ಲಿ ಭಾರತದ ಕಾನೂನನ್ನು ತಿದ್ದಲಾಯಿತು. ವೈದ್ಯರು ಅಳತೆಯರಿತು ಕೊಡುವ ಮಾರ್ಫಿನ್ನಿಗೆ ಚಟವಾದೀತೆಂದು ಅಂಜಿ, ಹೆತ್ತವರನ್ನು ನರಳಿಸುವುದು ಧರ್ಮವಲ್ಲ. ಮತ್ತೊಂದು ಉಗ್ರಚಿಕಿತ್ಸೆ ಬೇಡವೆಂದು ರೋಗಿಯೇ ತಿಳಿದು ಹೇಳಿದರೆ, ಅದನ್ನು ಭಕ್ತಿಹೀನತೆಯೆಂದು ಭಾವಿಸಬಾರದು. ಲಿಂಗೈಕ್ಯವೇ ಬಾಳಿನ ಗುರಿಯೆಂದು ನಂಬಿದವರಿಗೆ ಆ ಬಾಗಿಲು ಕತ್ತಲೆಯ ಬಾಗಿಲಲ್ಲ. ನೋವಿಲ್ಲದ ಶರೀರದಿಂದ, ಹಗುರಾದ ಮನಸ್ಸಿನಿಂದ, ತನ್ನವರ ಕೈ ಹಿಡಿದು ಆ ಬಾಗಿಲನ್ನು ದಾಟುವಂತೆ ನೋಡಿಕೊಳ್ಳುವುದು ಮನೆಯವರ ಕೊನೆಯ ದಾಸೋಹ.

ಹಿನ್ನಡೆಯಾದಾಗ ಶರಣನು ಕೇಳಬೇಕಾದುದು “ನನಗೇ ಏಕೆ ಬಂತು?” ಎಂಬ ಪ್ರಶ್ನೆಯನ್ನಲ್ಲ, ಅದಕ್ಕೆ ಉತ್ತರ ಸಿಗದು. “ಇಂದಿನ ಕಾಯಕ ಯಾವುದು?” ಎಂಬ ಪ್ರಶ್ನೆಗೆ ಉತ್ತರ ದಿನವೂ ಸಿಗುತ್ತದೆ: ಇಂದು ಗುಳಿಗೆ ನುಂಗುವುದು, ಇಂದು ಒಂದು ತುತ್ತು ಉಣ್ಣುವುದು, ಇಂದು ಮಗುವನ್ನು ಮಾತನಾಡಿಸುವುದು, ಇಂದು ಲಿಂಗವನ್ನು ನೋಡುವುದು. ಹೀಗೆ ಒಂದೊಂದು ದಿನವನ್ನು ಸಾಗಿಸುವ ರೋಗಿಗಳಿಗೂ, ಅವರ ಪಕ್ಕದಲ್ಲಿ ಎಚ್ಚತ್ತಿರುವ ಮನೆಯವರಿಗೂ, ಅವರಿಗಾಗಿ ದುಡಿಯುವ ವೈದ್ಯರಿಗೂ ದಾದಿಯರಿಗೂ ಶ್ರೀಗುರುವಿನ ಕೃಪೆ ಒದಗಲಿ. ಈ ಮಹೋತ್ಸವದಲ್ಲಿ ಹಚ್ಚಿದ ದೀಪಗಳಲ್ಲಿ ಒಂದು ಅವರ ಹೆಸರಿನಲ್ಲಿ ಉರಿಯಲಿ.