ಕುದುರೆಗೆ ಸ್ವಿಚ್ ಇಲ್ಲ

ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಫೇವರಿಟ್ ಕುದುರೆ ಸೋತರೆ ಮೊದಲು ಕೇಳೋ ಮಾತು ಏನು ಗೊತ್ತಾ? ‘ಟ್ರೈನರ್ ಕಳ್ಳ!’ ಗೆದ್ದರೆ? ಹೆಸರು ಜಾಕಿಗೆ, ಕಪ್ ಮಾಲೀಕರಿಗೆ.

ದೊಡ್ಡ ಟ್ರೈನರ್‌ಗಳು ಈ ಬೈಗುಳ ತಡ್ಕೋತಾರೆ. ಹತ್ತೋ ಹನ್ನೆರಡೋ ಕುದುರೆ ನೋಡ್ಕೊಳ್ಳೋ ಸಣ್ಣ ಟ್ರೈನರ್ ಕಥೆ ಬೇರೆ. ಕುದುರೆ ಅವರದ್ದಲ್ಲ, ಮಾಲೀಕರದ್ದು. ಬರೋದು ತಿಂಗಳ ಫೀಸು, ಗೆದ್ದರೆ ಬಹುಮಾನದಲ್ಲೊಂದು ಪಾಲು. ಅದರಲ್ಲೇ ಮೇವು, ಸೈಸ್‌ಗಳ ಸಂಬಳ. ಒಬ್ಬ ಮಾಲೀಕ ಸಿಟ್ಟಾಗಿ ಎರಡು ಕುದುರೆ ಬಿಡಿಸಿಕೊಂಡು ಹೋದರೆ ಲೆಕ್ಕವೇ ತಪ್ಪುತ್ತೆ.

2023ರ ಅಕ್ಟೋಬರ್‌ನಲ್ಲಿ ಬೆಟ್ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಆಡೋರು ಕಳ್ಳ ಬುಕ್ಕಿಗಳ ಕಡೆ ಜಾರಿದರೆ ಕ್ಲಬ್ ಆದಾಯ ಇಳಿಯುತ್ತೆ, ಬಹುಮಾನ ಇಳಿಯುತ್ತೆ. ಮೊದಲು ಖಾಲಿಯಾಗೋದು ಸಣ್ಣ ಲಾಯ. 2024ರಲ್ಲಿ ಲೈಸೆನ್ಸ್ ಸಿಗದೆ ರೇಸೇ ನಿಂತಿತು. ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರವಾದರೆ ಸ್ವಿಚ್ ಆಫ್ ಮಾಡಿ ಮನೆಗೆ ಹೋಗಬಹುದು. ಕುದುರೆಗೆ ಸ್ವಿಚ್ ಇಲ್ಲ. ರೇಸ್ ಇರಲಿ ಬಿಡಲಿ, ಬೆಳಗಾದರೆ ಮೇವು ಬೇಕು, ಓಡಿಸಲೇಬೇಕು.

ಹಾಗಾದ್ರೆ ಮೋಸ ನಡೆಯೋದೇ ಇಲ್ವಾ? ನಡೆಯುತ್ತೆ. ಬೆಟ್ಟಿಂಗ್‌ನಲ್ಲಿ ಮನೆ ಕಳ್ಕೊಂಡವರ ಕಣ್ಣೀರೂ ಸುಳ್ಳಲ್ಲ. ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮೋಸಕ್ಕೆ ಕೊಟ್ಟ ಅನುಮತಿ ಅಲ್ಲ. ಸ್ಟೀವರ್ಡ್‌ಗಳಿದ್ದಾರೆ, ಡೋಪ್ ಟೆಸ್ಟ್ ಇದೆ, ರೇಸಿನ ವಿಡಿಯೋ ಇದೆ. ತಪ್ಪು ಮಾಡಿದವರನ್ನು ಹಿಡೀರಿ, ಲೈಸೆನ್ಸ್ ಕಿತ್ಕೊಳ್ಳಿ. ಆದರೆ ನಿಮ್ಮ ಕೈಯಲ್ಲಿರೋ ಸೋತ ಟಿಕೆಟ್ ಇನ್ನೊಬ್ಬರ ಕಳ್ಳತನಕ್ಕೆ ಸಾಕ್ಷಿ ಅಲ್ಲ. ಕ್ಯಾಮೆರಾ ಮುಂದೆ ಕೂತಿರೋ ನನಗೂ ಈ ಮಾತು ಅನ್ವಯಿಸುತ್ತೆ.